ಹುಣ್ಣಿಮೆ, ಮಳೆ ಮತ್ತು ನೆಲದೊಳಗಿನ ಗುಡುಗು

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಕೆಲವು ವರ್ಷಗಳಿಂದ ಮಳೆಗಾಲ ಮುಗಿಯುವ ಹೊತ್ತಿಗೆ ನೆಲದೊಳಗಿನಿಂದ ಗುಡುಗಿನಂಥ ಸದ್ದು ಬರುತ್ತದೆ, ಒಮ್ಮೊಮ್ಮೆ ಗೂಡಿನಲ್ಲಿಟ್ಟ ಪಾತ್ರೆಗಳು ಅಲುಗುತ್ತವೆ. ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ ಆದದ್ದೂ ಹುಣ್ಣಿಮೆಗೇ, ಇದೆಲ್ಲ ಚಂದ್ರನ ಸೆಳೆತ ಎನ್ನುತ್ತಾರೆ ನಮ್ಮ ಹಿರಿಯರು. ಊರಿಗೆ ಬಂದಿದ್ದ ಅಧಿಕಾರಿಗಳು ಮಳೆನೀರು ಕೆಳಗಿಳಿದು ಹೀಗಾಗುತ್ತದೆ ಎಂದರು. ಯಾವುದು ನಿಜ? ಹುಣ್ಣಿಮೆಯ ದಿನವೂ ಮಳೆಗಾಲವೂ ಮೊದಲೇ ಗೊತ್ತಿರುವಂಥವು. ಹಾಗಿದ್ದರೆ ಭೂಕಂಪವನ್ನೂ ಮೊದಲೇ ಏಕೆ ಹೇಳುವುದಿಲ್ಲ?

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲೂ ಅಧಿಕಾರಿಗಳ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಮಳೆಯ ಪಾಲು ದೊಡ್ಡದು, ಚಂದ್ರನ ಪಾಲು ಬಹಳ ಸಣ್ಣದು. ಆದರೆ ಎರಡೂ ಭೂಕಂಪದ ಕಾರಣವಲ್ಲ. ಭಾರತವನ್ನು ಹೊತ್ತ ಭೂಫಲಕ, ಅಂದರೆ ಭೂಮಿಯ ಹೊರಪದರದ ಒಂದು ಭಾರಿ ತುಂಡು, ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡ ಹಿಮಾಲಯದಲ್ಲಷ್ಟೇ ನಿಲ್ಲದೆ ನಮ್ಮ ದಖ್ಖನಿನ ಬಂಡೆಗಳಿಗೂ ಹರಡುತ್ತದೆ. ಆ ಬಂಡೆಗಳಲ್ಲಿ ಕೋಟ್ಯಂತರ ವರ್ಷ ಹಳೆಯ ಬಿರುಕುಗಳಿವೆ; ಭೂವಿಜ್ಞಾನದಲ್ಲಿ ಅವುಗಳಿಗೆ ಸ್ತರಭಂಗ ಎಂದು ಹೆಸರು. ಅವುಗಳ ಎರಡು ಮಗ್ಗುಲುಗಳನ್ನು ಘರ್ಷಣೆ ಕಚ್ಚಿ ಹಿಡಿದಿರುತ್ತದೆ. ಹಿಡಿತ ತಪ್ಪಿದ ಗಳಿಗೆಯೇ ಭೂಕಂಪ. ಚಂದ್ರ, ಮಳೆ, ಹಿಮ, ಚಂಡಮಾರುತ ಇವೆಲ್ಲ ಆ ಗಳಿಗೆಯನ್ನು ತುಸು ಹಿಂದೆ ಮುಂದೆ ಮಾಡಬಲ್ಲವೇ ಎಂಬುದು ನಾವು ಕೇಳಬೇಕಾದ ಪ್ರಶ್ನೆ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಒಂದು ಮೀಟರ್ ಆಳದ ನೀರು ತನ್ನ ತಳವನ್ನು ಒತ್ತುವ ಒತ್ತಡ ಸುಮಾರು 10 ಕಿಲೋಪ್ಯಾಸ್ಕಲ್. ನಮ್ಮ ತಲೆಯ ಮೇಲಿನ ಇಡೀ ಗಾಳಿಯ ಒತ್ತಡ ಸುಮಾರು 100. ಚಂದ್ರ ಮತ್ತು ಸೂರ್ಯರ ಸೆಳೆತಕ್ಕೆ ಸಮುದ್ರ ಉಬ್ಬಿ ಇಳಿಯುವಂತೆ ಗಟ್ಟಿ ನೆಲವೂ ದಿನಕ್ಕೆರಡು ಸಲ ಉಬ್ಬಿ ಇಳಿಯುತ್ತದೆ. ಒಂದಡಿಯಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಿಮ್ಮ ಮನೆ, ಹೊಲ, ಬಾವಿ ಎಲ್ಲವೂ ಒಟ್ಟಿಗೇ ಏರಿ ಇಳಿಯುವುದರಿಂದ ನಿಮಗೆ ತಿಳಿಯುವುದಿಲ್ಲ, ಅಷ್ಟೆ. ಇದರಿಂದ ಬಂಡೆಯೊಳಗೆ ಆಗುವ ಒತ್ತಡದ ಏರಿಳಿತ ಒಂದೆರಡರಿಂದ ನಾಲ್ಕು ಕಿಲೋಪ್ಯಾಸ್ಕಲ್; ಅಂದರೆ ಮೊಣಕಾಲಿಗೂ ಬಾರದಷ್ಟು ನೀರು ನಿಂತ ಹಾಗೆ. ಒಂದು ಭೂಕಂಪದಲ್ಲಿ ಸ್ತರಭಂಗದಿಂದ ಬಿಡುಗಡೆಯಾಗುವ ಒತ್ತಡವಾದರೋ ಸಾಮಾನ್ಯವಾಗಿ 1,000ದಿಂದ 10,000 ಕಿಲೋಪ್ಯಾಸ್ಕಲ್. ಸಾವಿರ ರೂಪಾಯಿಯ ಸಾಲಕ್ಕೆ ಚಂದ್ರ ಹಾಕುವುದು ಎರಡು ಮೂರು ರೂಪಾಯಿ. ಉಳಿದದ್ದನ್ನೆಲ್ಲ ಫಲಕಗಳು ಶತಮಾನಗಳಿಂದ ಕೂಡಿಟ್ಟಿರುತ್ತವೆ.

ಈಗ ಹುಣ್ಣಿಮೆಗೆ ಬರೋಣ. ಕಿಲ್ಲಾರಿಯ ಬಗ್ಗೆ ನಿಮ್ಮ ಹಿರಿಯರ ನೆನಪು ಸರಿಯಾಗಿದೆ. 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದಾಗ ಅದು ಸಂಭವಿಸಿತು. ಹುಣ್ಣಿಮೆಗೆ ಒಂದು ದಿನವೂ ಉಳಿದಿರಲಿಲ್ಲ. 2001ರ ಭುಜ್ ಭೂಕಂಪ ಅಮಾವಾಸ್ಯೆಯಾಗಿ ಎರಡನೆಯ ದಿನ. 1934ರ ಜನವರಿ 15ರ ಬಿಹಾರ-ನೇಪಾಳ ಭೂಕಂಪ ಅಮಾವಾಸ್ಯೆಯ ದಿನವೇ. 2004ರ ಸುಮಾತ್ರಾ ಭೂಕಂಪ, ಸುನಾಮಿ ತಂದದ್ದು, ಹುಣ್ಣಿಮೆಯ ದಿನ. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ.

ಇನ್ನು ಉಳಿದವನ್ನೂ ಹೇಳುತ್ತೇನೆ. 1967ರ ಮಹಾರಾಷ್ಟ್ರದ ಕೊಯ್ನಾ: ಹುಣ್ಣಿಮೆಗೆ ಇನ್ನೂ ಐದಾರು ದಿನ ಇತ್ತು. 2005ರ ಕಾಶ್ಮೀರ: ಅಮಾವಾಸ್ಯೆ ಕಳೆದು ಐದು ದಿನ. 2011ರ ಜಪಾನ್ ಮತ್ತು 2015ರ ನೇಪಾಳ: ಎರಡೂ ಶುಕ್ಲ ಅಷ್ಟಮಿಯ ಆಸುಪಾಸು, ಸಮುದ್ರದ ಉಬ್ಬರವೂ ತೀರ ಸಪ್ಪೆಯಾಗಿರುವ ಕಾಲ. ಎಂಟರಲ್ಲಿ ನಾಲ್ಕು. ಹುಣ್ಣಿಮೆ ಅಮಾವಾಸ್ಯೆಗಳ ಆಚೆ ಮೂರು, ಈಚೆ ಮೂರು ದಿನಗಳನ್ನು 'ಹತ್ತಿರ' ಎಂದು ಒಪ್ಪಿದರೆ ಇಪ್ಪತ್ತೊಂಬತ್ತೂವರೆ ದಿನದ ಚಾಂದ್ರಮಾಸದಲ್ಲಿ ಹದಿನಾಲ್ಕು ದಿನ ಅದರೊಳಗೇ ಬಂದುಬಿಡುತ್ತವೆ. ಚಂದ್ರ ಏನೂ ಮಾಡದೆ ಸುಮ್ಮನಿದ್ದರೂ ಅರ್ಧದಷ್ಟು ಭೂಕಂಪಗಳು ಅಲ್ಲಿ ಬೀಳಲೇಬೇಕು. ಹಾಗೆಂದು ನನ್ನ ಎಂಟನ್ನೂ ನಂಬಬೇಡಿ. ಕಾಶ್ಮೀರ ಮತ್ತು ಜಪಾನನ್ನು ಕೈಬಿಟ್ಟು 1950ರ ಅಸ್ಸಾಂ, 2023ರ ಟರ್ಕಿಯನ್ನು ಸೇರಿಸಿದರೆ ಎಂಟರಲ್ಲಿ ಆರಾಗುತ್ತದೆ. ಆರಿಸುವವನ ಕೈಯಲ್ಲೇ ತೀರ್ಪು ಇರುವಾಗ ಎಣಿಕೆಗೆ ಏನು ಬೆಲೆ?

ಆದ್ದರಿಂದ ಆರಿಸುವುದನ್ನು ಬಿಟ್ಟು ಎಲ್ಲವನ್ನೂ ಎಣಿಸುವ ಒಂದು ವಿಧಾನ ಬೇಕಾಯಿತು. ಮ್ಯಾಂಚೆಸ್ಟರಿನ ಭೌತವಿಜ್ಞಾನಿ ಆರ್ಥರ್ ಶುಸ್ಟರ್ 1897ರಲ್ಲಿ ಅದನ್ನು ಕೊಟ್ಟರು. ಇಂದಿಗೂ ನಾವು ಬಳಸುವುದು ಅದನ್ನೇ. ಒಂದು ಬಯಲಿನ ನಡುವೆ ನಿಂತಿದ್ದೀರಿ ಎಂದುಕೊಳ್ಳಿ. ಹುಣ್ಣಿಮೆ ಎಂದರೆ ಪೂರ್ವ, ಅಮಾವಾಸ್ಯೆ ಎಂದರೆ ಪಶ್ಚಿಮ, ಎರಡು ಅಷ್ಟಮಿಗಳು ಉತ್ತರ ಮತ್ತು ದಕ್ಷಿಣ. ನಡುವಿನ ತಿಥಿಗಳು ನಡುವಿನ ದಿಕ್ಕುಗಳು. ಪಟ್ಟಿಯಲ್ಲಿರುವ ಪ್ರತಿಯೊಂದು ಭೂಕಂಪಕ್ಕೂ ಅದು ನಡೆದ ತಿಥಿಯ ದಿಕ್ಕಿನಲ್ಲಿ ಒಂದು ಹೆಜ್ಜೆ ಇಡಿ. ಭೂಕಂಪಕ್ಕೂ ಚಂದ್ರನಿಗೂ ಸಂಬಂಧವಿಲ್ಲದಿದ್ದರೆ ನೀವು ಕುಡಿದವನಂತೆ ಅಲ್ಲಲ್ಲೇ ಸುತ್ತುತ್ತೀರಿ. 400 ಹೆಜ್ಜೆ ಇಟ್ಟ ಮೇಲೂ ಹೊರಟ ಜಾಗದಿಂದ ಸುಮಾರು 20 ಹೆಜ್ಜೆ ದೂರದಲ್ಲಿರುತ್ತೀರಿ. ಬದಲಾಗಿ 60 ಹೆಜ್ಜೆ ದೂರ ಹೋಗಿದ್ದರೆ, ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಎಂಟು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ. ಹುಣ್ಣಿಮೆ ಅಮಾವಾಸ್ಯೆ ಎರಡಕ್ಕೂ ಒಂದೇ ಫಲ ಇದೆಯೇ ಎಂದು ನೋಡಬೇಕಾದರೆ ಎರಡನ್ನೂ ಒಂದೇ ದಿಕ್ಕಿಗೆ ಇಟ್ಟು ಮತ್ತೊಮ್ಮೆ ನಡೆದರಾಯಿತು.

ಹೀಗೆ ಆಯ್ಕೆಯಿಲ್ಲದೆ ಎಣಿಸಿದಾಗ ಏನು ಸಿಕ್ಕಿತು? ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಸೂಸನ್ ಹಫ್ 2018ರಲ್ಲಿ 8 ಮತ್ತು ಅದಕ್ಕಿಂತ ಹೆಚ್ಚಿನ ಪ್ರಮಾಣದ 204 ಭೂಕಂಪಗಳನ್ನು ತೆಗೆದುಕೊಂಡು, ಇವು ವರ್ಷದ ಅಥವಾ ಚಾಂದ್ರಮಾಸದ ನಿರ್ದಿಷ್ಟ ದಿನಗಳನ್ನು ಆರಿಸಿಕೊಳ್ಳುತ್ತವೆಯೇ ಎಂದು ಪರೀಕ್ಷಿಸಿದರು. ಪ್ರಬಂಧದ ಶೀರ್ಷಿಕೆಯೇ ಆ ಪ್ರಶ್ನೆ. ಸಾರಾಂಶದಲ್ಲಿ ಇದ್ದದ್ದು ಒಂದೇ ಪದ: ಇಲ್ಲ. ನಮ್ಮ ವಿಷಯದಲ್ಲಿ ಇಷ್ಟು ಚಿಕ್ಕದಾಗಿ ಯಾರೂ ಬರೆದದ್ದಿಲ್ಲ.

ಅಲ್ಲಿಗೆ ಚಂದ್ರನ ಕಥೆ ಮುಗಿಯಿತು ಎನ್ನುವಂತಿಲ್ಲ. ತಿಥಿಯನ್ನು ಬಿಟ್ಟು, ನಿರ್ದಿಷ್ಟ ಸ್ತರಭಂಗದ ಮೇಲೆ ಆ ಗಳಿಗೆಯಲ್ಲಿ ಉಬ್ಬರವಿಳಿತದ ಒತ್ತಡ ಎಷ್ಟಿತ್ತು ಎಂದು ಲೆಕ್ಕ ಹಾಕಿದಾಗ ಬೇರೆಯೇ ಚಿತ್ರ ಕಾಣುತ್ತದೆ. ಎಲಿಜಬೆತ್ ಕಾಕ್ರನ್ ಮತ್ತು ಸಂಗಡಿಗರು 2004ರಲ್ಲಿ ಸಾಗರದಂಚಿನ, ಆಳ ಹೆಚ್ಚಿಲ್ಲದ ಎರಡು ಸಾವಿರಕ್ಕೂ ಮಿಕ್ಕ ಭೂಕಂಪಗಳನ್ನು ಹೀಗೆ ನೋಡಿದರು. ಉಬ್ಬರ ಬಹಳ ಪ್ರಬಲವಾಗಿದ್ದ ಕಾಲದಲ್ಲಿ, ಒತ್ತಡ ಜಾರುವಿಕೆಗೆ ಅನುಕೂಲವಾಗಿದ್ದ ಗಳಿಗೆಗಳಲ್ಲಿ ಭೂಕಂಪಗಳು ಸ್ಪಷ್ಟವಾಗಿ ಹೆಚ್ಚಿದ್ದವು. ಟೋಕಿಯೊದ ವಿಜ್ಞಾನಿ ಸತೋಶಿ ಇದೆ (Ide) ಮತ್ತು ಸಂಗಡಿಗರು 2016ರಲ್ಲಿ ಇನ್ನೊಂದು ಮಾತು ಹೇಳಿದರು: ಸುಮಾತ್ರಾ, 2010ರ ಚಿಲಿ, 2011ರ ಜಪಾನ್ ಇವೆಲ್ಲ ಉಬ್ಬರದ ಒತ್ತಡದ ಅಲೆ ಎತ್ತರವಾಗಿದ್ದಾಗ ನಡೆದವು. ಜಪಾನಿನದು ಅಷ್ಟಮಿಯ ಆಸುಪಾಸಿನದು ಎಂದು ಈಗಷ್ಟೇ ಹೇಳಿದೆ, ಇದರಲ್ಲಿ ವಿರೋಧವಿಲ್ಲ. ಸ್ತರಭಂಗ ಯಾವ ಕಡೆಗೆ ವಾಲಿದೆ, ಮೇಲಿನ ಸಮುದ್ರ ಎಷ್ಟು ಏರಿದೆ ಎಂಬುದರ ಮೇಲೆ ಒತ್ತಡ ನಿಂತಿದೆ. ಪಂಚಾಂಗದಲ್ಲಿ ಆ ಲೆಕ್ಕ ಇರುವುದಿಲ್ಲ.

ಚಂದ್ರನ ಕೈವಾಡ ಬರಿಗಣ್ಣಿಗೇ ಕಾಣುವ ಒಂದು ಜಾಗವೂ ಇದೆ. ಅಮೆರಿಕದ ಒರೆಗಾನ್ ಕರಾವಳಿಯಿಂದ ಸುಮಾರು 480 ಕಿಲೋಮೀಟರ್ ದೂರದಲ್ಲಿ, ಒಂದೂವರೆ ಕಿಲೋಮೀಟರ್ ಆಳದ ಕಡಲಡಿಯಲ್ಲಿ ಆಕ್ಸಿಯಲ್ ಎಂಬ ಜ್ವಾಲಾಮುಖಿಯಿದೆ. ಅಲ್ಲಿ ಸಮುದ್ರ ಇಳಿದಾಗಲೆಲ್ಲ ಸಣ್ಣ ಕಂಪನಗಳು ಹೆಚ್ಚುತ್ತವೆ. ಮೇಲಿನ ನೀರಿನ ಭಾರ ತಗ್ಗಿದಾಗ ಕೆಳಗಿನ ಕರಗಿದ ಬಂಡೆಯ ಕೋಣೆ ಉಬ್ಬಿ ಪಕ್ಕದ ಸ್ತರಭಂಗವನ್ನು ತಳ್ಳುತ್ತದೆ. ಅಲ್ಲಿನ ಬಂಡೆ ಯಾವಾಗಲೂ ಜಾರುವ ಅಂಚಿನಲ್ಲೇ ಕುಳಿತಿರುವುದರಿಂದ ಇಷ್ಟು ಸಾಕಾಗುತ್ತದೆ.

ನನಗೆ ಬಹಳ ಸೋಜಿಗವೆನಿಸುವುದು ಇದರ ಮಗ್ಗುಲಿನ ಪ್ರಶ್ನೆ. ಚುರುಕಾದ ಫಲಕದಂಚಿನಲ್ಲಿ ಸ್ತರಭಂಗದ ಮೇಲೆ ಒಂದು ಇಡೀ ವರ್ಷದಲ್ಲಿ ಕೂಡುವ ಒತ್ತಡ ಹತ್ತು ಕಿಲೋಪ್ಯಾಸ್ಕಲ್ಲಿನ ಆಸುಪಾಸು. ಚಂದ್ರನಾದರೋ ಆರು ಗಂಟೆಯಲ್ಲಿ ಅದರ ಕಾಲುಭಾಗವನ್ನು ಏರಿಸಿ ಇಳಿಸುತ್ತಾನೆ. ಲೆಕ್ಕದಂತೆ ಜಗತ್ತಿನ ಭೂಕಂಪಗಳೆಲ್ಲ ಉಬ್ಬರದ ತಾಳಕ್ಕೆ ಕುಣಿಯಬೇಕಿತ್ತು. ಏಕೆ ಕುಣಿಯುವುದಿಲ್ಲ?

ಜಾತ್ರೆಯ ತೇರನ್ನು ನೆನಪಿಸಿಕೊಳ್ಳಿ. ಸಾವಿರ ಜನ ಹಗ್ಗ ಹಿಡಿದು ಎಳೆಯುತ್ತಿರುತ್ತಾರೆ, ತೇರು ಕದಲುವುದಿಲ್ಲ. ಚಕ್ರದ ಹಿಂದೆ ಇಬ್ಬರು ಸನ್ನೆಗೋಲು ಹಾಕಿ ಮೀಟುತ್ತಾರೆ. ಒಮ್ಮೆ ಮೀಟಿ ತಕ್ಷಣ ಕೈಬಿಟ್ಟರೆ ಚಕ್ರ ಕೂದಲೆಳೆಯಷ್ಟು ಮಿಸುಕಿ ಮತ್ತೆ ಅಲ್ಲೇ ಕೂರುತ್ತದೆ. ಮೀಟಿ ಹಾಗೆಯೇ ಹಿಡಿದಿದ್ದರೆ ಮೆಲ್ಲಗೆ, ಕಂಡೂ ಕಾಣದಂತೆ ಉರುಳತೊಡಗಿ, ಆಮೇಲೆ ಒಮ್ಮೆಲೇ ಹೊರಡುತ್ತದೆ. ಸ್ತರಭಂಗವೂ ಹೀಗೆಯೇ. ಬಂಡೆಗಳನ್ನು ಪ್ರಯೋಗಾಲಯದ ಯಂತ್ರದಲ್ಲಿ ಒಂದರ ಮೇಲೊಂದು ಉಜ್ಜಿ ನೋಡಿದವರು ಕಂಡದ್ದೇನೆಂದರೆ, ಜಾರುವಿಕೆ ಒಂದು ಸಣ್ಣ ಭಾಗದಲ್ಲಿ ನಿಧಾನವಾಗಿ ಶುರುವಾಗಿ ಬಲಿಯುವುದಕ್ಕೆ ಸಮಯ ಬೇಕು. ನೆಲದಡಿಯಲ್ಲಿ ಆ ಸಮಯ ದಿನಗಳಿರಬಹುದು, ತಿಂಗಳುಗಳೂ ಇರಬಹುದು. ಹನ್ನೆರಡು ಗಂಟೆಗೊಮ್ಮೆ ಮೀಟಿ ಬಿಡುವ ಚಂದ್ರನಿಗೆ ಆ ವ್ಯವಧಾನವಿಲ್ಲ. ತಿಂಗಳುಗಟ್ಟಲೆ ಒಂದೇ ಕಡೆಗೆ ಒತ್ತಿಹಿಡಿಯುವ ಶಕ್ತಿಗೆ ಇದೆ. ಮಳೆಗಾಲ ಅಂಥ ಶಕ್ತಿ.

ಇದನ್ನು ತೋರಿಸಿಕೊಟ್ಟದ್ದು ನೇಪಾಳ. ಅಲ್ಲಿನ ಭೂಕಂಪನ ಜಾಲದಲ್ಲಿ ದಾಖಲಾದ ಸಣ್ಣ ಕಂಪನಗಳು ಚಳಿಗಾಲದಲ್ಲಿ ಎದ್ದು ಕಾಣುವಷ್ಟು ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಮಳೆ ಸುರಿದಾಗ ಗಂಗಾ ಬಯಲಿನ ಮೇಲೆ ಅಪಾರ ನೀರು ತುಂಬುತ್ತದೆ. ಅದರ ಭಾರಕ್ಕೆ ನೆಲ ಬಾಗಿ ಹಿಮಾಲಯದ ಬುಡದ ಸ್ತರಭಂಗದ ಮೇಲಿನ ಹಿಸುಕು ತುಸು ಸಡಿಲವಾಗುತ್ತದೆ. ನೀರು ಹರಿದು ಹೋದ ಮೇಲೆ ಹಿಸುಕು ಮರಳುತ್ತದೆ. ಬೆಟ್ಟಗಳ ಮೇಲೆ ನೆಟ್ಟ ಜಿಪಿಎಸ್ ಉಪಕರಣಗಳು ಈ ವಾರ್ಷಿಕ ಉಸಿರಾಟವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹಿಡಿದಿವೆ. ಇದರ ಒತ್ತಡವೂ ಕೆಲವೇ ಕಿಲೋಪ್ಯಾಸ್ಕಲ್, ಹೆಚ್ಚುಕಡಿಮೆ ಚಂದ್ರನದರಷ್ಟೇ. ಆದರೂ ಶುಸ್ಟರ್ ವಿಧಾನದಲ್ಲಿ ಅದೇ ಪಟ್ಟಿಯನ್ನು ನಡೆದು ನೋಡಿದಾಗ ವರ್ಷದ ಲಯ ಸಿಕ್ಕಿತು, ಉಬ್ಬರದ ಲಯ ಸಿಗಲಿಲ್ಲ. ಹಾಗೆಂದು ಹಿಮಾಲಯದ ದೊಡ್ಡ ಭೂಕಂಪಗಳು ಚಳಿಗಾಲಕ್ಕೇ ಕಾಯುತ್ತವೆ ಎಂದುಕೊಳ್ಳಬೇಡಿ. ಅಸ್ಸಾಮಿನದು ಆದದ್ದು ನಡು ಮಳೆಗಾಲದಲ್ಲಿ, 1950ರ ಆಗಸ್ಟ್ 15ರಂದು.

ನಿಮ್ಮ ಊರಿನಲ್ಲಿ ಮಳೆ ಮಾಡುವ ಕೆಲಸ ಬೇರೆ. ಅಲ್ಲಿ ನೀರಿನ ಭಾರಕ್ಕಿಂತ ನೀರು ಒಳಗೆ ಇಳಿಯುವುದು ಮುಖ್ಯ. ಕಪ್ಪು ಕಲ್ಲಿನ ಸೀಳುಗಳಲ್ಲಿ ನೀರು ತುಂಬಿದಾಗ, ಆ ತುಂಬಿದ ನೀರಿನ ಒತ್ತಡ ಬಿರುಕಿನಿಂದ ಬಿರುಕಿಗೆ ಕೆಳಕ್ಕೆ ಹರಡುತ್ತದೆ. ಸ್ತರಭಂಗದ ಎರಡು ಮಗ್ಗುಲುಗಳ ನಡುವಿನ ನೀರು ಅವನ್ನು ಒಳಗಿನಿಂದ ಹೊರಕ್ಕೆ ಒತ್ತಿ ಘರ್ಷಣೆಯ ಕಚ್ಚನ್ನು ಸಡಿಲಿಸುತ್ತದೆ. ಒದ್ದೆ ನೆಲದಲ್ಲಿ ಕಾಲು ಜಾರಿದಂತೆ ಎಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ನೀರು ಇಲ್ಲಿ ಎಣ್ಣೆಯ ಕೆಲಸ ಮಾಡುವುದಿಲ್ಲ, ಜಾಕ್‌ನ ಕೆಲಸ ಮಾಡುತ್ತದೆ. ಒತ್ತಡ ಹೀಗೆ ಇಳಿಯಲು ವಾರಗಳು, ತಿಂಗಳುಗಳು ಹಿಡಿಯುವುದರಿಂದಲೇ ಸದ್ದು ಕೇಳಿಸುವುದು ಮಳೆ ಜೋರಾಗಿದ್ದಾಗಲ್ಲ, ಮಳೆ ಮುಗಿಯುವಾಗ.

ಇದಕ್ಕೆ ಹತ್ತಿರದ ಸಾಕ್ಷಿ ಕೊಯ್ನಾ. ಅಲ್ಲಿನದು ಮನುಷ್ಯ ಕಟ್ಟಿದ ಜಲಾಶಯ, ನಿಜ. ಆದರೆ ತುಂಬಿಸುವುದು ಮಳೆಯೇ. 103 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ 1962ರಿಂದ ನೀರು ನಿಲ್ಲತೊಡಗಿತು, 1967ರ ಡಿಸೆಂಬರ್ 11ರಂದು 6.3 ಪ್ರಮಾಣದ ಭೂಕಂಪ ಸುಮಾರು 200 ಜನರನ್ನು ಬಲಿ ತೆಗೆದುಕೊಂಡಿತು. ಅಂದಿನಿಂದ ಇಂದಿನವರೆಗೂ ಮಳೆಗಾಲದ ಕೊನೆಗೆ, ಮತ್ತೆ ಡಿಸೆಂಬರ್ ಹೊತ್ತಿಗೆ ಅಲ್ಲಿ ಕಂಪನಗಳು ಹೆಚ್ಚುವುದು ನಡೆದೇ ಇದೆ. ದಖ್ಖನಿನ ಕಪ್ಪು ಕಲ್ಲಿನ ಹೊದಿಕೆಯನ್ನು ದಾಟಿ ಕೆಳಗಿನ ಗ್ರಾನೈಟಿನೊಳಗೆ ಮೂರು ಕಿಲೋಮೀಟರ್ ಆಳದವರೆಗೆ ಕೊರೆದು ನೋಡಿದ್ದೂ ಅಲ್ಲಿಯೇ. ದೊಡ್ಡ ಜಲಾಶಯದ ನೆರವಿಲ್ಲದೆ ಮಳೆಯೇ ನೇರವಾಗಿ ಕಂಪನ ತಂದದ್ದಕ್ಕೆ ಜರ್ಮನಿಯ ಬವೇರಿಯಾದ ಹೋಖ್‌ಷ್ಟೌಫೆನ್ ಬೆಟ್ಟ ಪ್ರಸಿದ್ಧ. 2002ರ ಭಾರಿ ಮಳೆಯ ನಂತರ ಕೆಲವೇ ದಿನಗಳಲ್ಲಿ ಬೆಟ್ಟದಡಿ ನೂರಾರು ಸಣ್ಣ ಕಂಪನಗಳಾದವು, ನೀರಿನ ಒತ್ತಡ ಇಳಿಯುವ ವೇಗಕ್ಕೆ ತಕ್ಕಂತೆ ಒಂದೊಂದೇ ಆಳಕ್ಕೆ. ಗುಜರಾತಿನ ಸೌರಾಷ್ಟ್ರದ ತಲಾಲಾ ಪ್ರದೇಶದಲ್ಲಿ 2007ರ ನವೆಂಬರ್ ಮತ್ತು 2011ರ ಅಕ್ಟೋಬರ್‌ನಲ್ಲಿ 5ರ ಆಸುಪಾಸಿನ ಕಂಪನಗಳು ಬಂದದ್ದೂ ಮಳೆಗಾಲ ಮುಗಿದ ಮೇಲೆಯೇ.

2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವಾರದ ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದ್ದು ನಿಮಗೆ ನೆನಪಿರಬಹುದು. ಅದೂ ಹೀಗೆಯೇ ಮಳೆಗಾಲದ ಕೊನೆ. ಸದ್ದಿನ ಬಗ್ಗೆ ಹೆದರಿಕೆ ಬೇಡ: ಒಂದೆರಡು ಕಿಲೋಮೀಟರ್ ಆಳದ ಸಣ್ಣ ಕಂಪನದ ಮೊದಲ ಅಲೆ ಶಬ್ದದಂಥದೇ ಅಲೆ. ಗಟ್ಟಿ ಕಲ್ಲಿನ ನೆಲದಲ್ಲಿ ಅದು ಹೆಚ್ಚು ಸವೆಯದೆ ಮೇಲೆ ಬಂದು ಗಾಳಿಗೆ ದಾಟಿದಾಗ ಕಿವಿಗೆ ಗುಡುಗಾಗುತ್ತದೆ. ದೂರದ ದೊಡ್ಡ ಭೂಕಂಪ ನೆಲವನ್ನು ತೂಗುತ್ತದೆಯೇ ಹೊರತು ಹೀಗೆ ಗುಡುಗುವುದಿಲ್ಲ.

ಆದರೆ ಎಲ್ಲ ಕಂಪನಕ್ಕೂ ಮಳೆಯ ಹಣೆಪಟ್ಟಿ ಅಂಟಿಸುವ ಈಚಿನ ಅಭ್ಯಾಸವೂ ನನಗೆ ಒಗ್ಗುವುದಿಲ್ಲ. 2022ರ ಜೂನ್ ಕೊನೆಯ ವಾರ ಕೊಡಗು-ಸುಳ್ಯ ಗಡಿಯಲ್ಲಿ ನೆಲ ನಡುಗಿದಾಗ ಮಳೆಗಾಲ ಇನ್ನೂ ಕಣ್ಣುಬಿಡುತ್ತಿತ್ತು. ಅದೇ ವರ್ಷದ ಜುಲೈ 9ರ ಬೆಳಿಗ್ಗೆ ನಿಮ್ಮ ಜಿಲ್ಲೆಯಲ್ಲೇ 4ಕ್ಕೂ ಮೀರಿದ ಕಂಪನವಾಯಿತು. ಅದನ್ನು ಮಳೆಗಾಲದ ಕೊನೆ ಎನ್ನಲಾಗುವುದಿಲ್ಲವಲ್ಲ?

ಈ ಅಧ್ಯಯನದಲ್ಲಿ ಮೋಸ ಹೋಗುವ ದಾರಿಗಳು ಬಹಳ. ಮಳೆಗಾಲದಲ್ಲಿ ಗಾಳಿ, ತುಂಬಿದ ಹೊಳೆಗಳ ಸದ್ದಿಗೆ ಭೂಕಂಪನ ಮಾಪಕಗಳಲ್ಲಿ ಗದ್ದಲ ಹೆಚ್ಚಿ ಸಣ್ಣ ಕಂಪನಗಳು ಮುಚ್ಚಿಹೋಗುತ್ತವೆ. ಎಣಿಕೆ ಕಡಿಮೆಯಾದದ್ದು ನೆಲ ಸುಮ್ಮನಾದುದಕ್ಕೋ, ಉಪಕರಣ ಕಿವುಡಾದುದಕ್ಕೋ? ನೇಪಾಳದ ಸಂಶೋಧಕರು ಯಾವ ಕಾಲದಲ್ಲೂ ತಪ್ಪಿಸಿಕೊಳ್ಳಲಾರದಷ್ಟು ದೊಡ್ಡ ಕಂಪನಗಳನ್ನು ಮಾತ್ರ ಎಣಿಸಿ ಈ ಅನುಮಾನ ಕಳೆದುಕೊಳ್ಳಬೇಕಾಯಿತು. ರಾತ್ರಿ ವಾಹನ, ಯಂತ್ರಗಳ ಓಡಾಟ ಕಡಿಮೆಯಾದ್ದರಿಂದ ಹೆಚ್ಚು ಕಂಪನಗಳು ದಾಖಲಾಗುತ್ತವೆ. ಅದನ್ನು ನೋಡಿ ಕತ್ತಲಿಗೂ ಭೂಕಂಪಕ್ಕೂ ನಂಟು ಹಾಕಿದವರಿದ್ದಾರೆ. ಸೇಡಂ, ಚಿತ್ತಾಪುರದಂಥ ಸುಣ್ಣಕಲ್ಲಿನ ಸೀಮೆಯಲ್ಲಿ ಗಣಿಯ ಸ್ಫೋಟಗಳೂ ಪಟ್ಟಿಗೆ ಸೇರಿಕೊಳ್ಳಬಹುದು. ಕಂಪನಗಳೆಲ್ಲ ಹಗಲಿನ ಕೆಲಸದ ಹೊತ್ತಿನಲ್ಲೇ, ಭಾನುವಾರ ರಜೆ ಹಾಕಿ ಬರುತ್ತಿದ್ದರೆ ಅದರ ಮೂಲ ಪಾತಾಳದಲ್ಲಿಲ್ಲ. ಒಂದು ಭೂಕಂಪದ ಹಿಂದೆ ನೂರು ಮರುಕಂಪನಗಳು ಬರುತ್ತವೆ. ಒಂದೇ ಮನೆಯ ನೂರು ಮಂದಿಯನ್ನು ಕೇಳಿ ಊರಿನ ಅಭಿಪ್ರಾಯ ಎನ್ನಲಾಗದು. ಅವನ್ನು ಒಂದೇ ಮತವಾಗಿ ಎಣಿಸಬೇಕು. ಪರಿಣತರೂ ಎಡವುತ್ತಾರೆ. ತೈವಾನಿನಲ್ಲಿ ಚಂಡಮಾರುತ ಹಾಯುವಾಗ ಗಾಳಿಯ ಒತ್ತಡ ಕುಸಿದು ಸ್ತರಭಂಗಗಳು ಸದ್ದಿಲ್ಲದೆ ನಿಧಾನವಾಗಿ ಜಾರುತ್ತವೆ ಎಂದು 2009ರಲ್ಲಿ ಪ್ರಕಟವಾದಾಗ ನಾವೆಲ್ಲ ಬೆರಗಾಗಿದ್ದೆವು. ಕೆಲವು ವರ್ಷಗಳ ನಂತರ ಅಲ್ಲಿಯವರೇ ಮತ್ತೆ ಲೆಕ್ಕ ಹಾಕಿ, ಕೊಳವೆಬಾವಿಯೊಳಗಿನ ಉಪಕರಣ ಅಳೆದದ್ದು ಚಂಡಮಾರುತದ ಮಳೆ ನೆಲವನ್ನು ಒತ್ತಿದ್ದನ್ನೇ ಇರಬಹುದು ಎಂದು ತೋರಿಸಿದರು.

ಗ್ರಹಕೂಟದ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳುವವರಿದ್ದಾರೆ. ಶುಕ್ರ ನಮಗೆ ತೀರ ಹತ್ತಿರ ಬಂದಾಗಲೂ ಅದರ ಉಬ್ಬರ ಬಲ ಚಂದ್ರನದರ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಗುರುವಿನದು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಎಲ್ಲ ಗ್ರಹಗಳೂ ಸಾಲಾಗಿ ನಿಂತರೂ ಚಂದ್ರನ ಕಿರುಬೆರಳಿಗೆ ಸಮವಲ್ಲ. ಇನ್ನೊಂದು ಭೂಕಂಪದ ಅಲೆಗಳು ಮಾತ್ರ ನಿಜವಾಗಿಯೂ ಬಲವಾದ ಪ್ರಚೋದಕ: 1992ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಭೂಕಂಪದ ಅಲೆಗಳು ಸಾವಿರ ಕಿಲೋಮೀಟರಿಗೂ ಆಚೆ, ಯೆಲ್ಲೊಸ್ಟೋನಿನ ಬಿಸಿನೀರಿನ ಬುಗ್ಗೆಗಳ ಸೀಮೆಯವರೆಗೂ ಸಣ್ಣ ಕಂಪನಗಳನ್ನು ಎಬ್ಬಿಸುತ್ತ ಹೋದವು.

ಹಾಗಿದ್ದರೆ ಮುನ್ಸೂಚನೆ ಏಕಿಲ್ಲ? ಒಂದು ಜಾಗದಲ್ಲಿ ಈ ವಾರ ದೊಡ್ಡ ಭೂಕಂಪವಾಗುವ ಸಾಧ್ಯತೆ ಲಕ್ಷಕ್ಕೆ ಒಂದು ಎಂದಿಟ್ಟುಕೊಳ್ಳಿ. ಮಳೆಯೋ ಚಂದ್ರನೋ ಅದನ್ನು ಇಮ್ಮಡಿ ಮಾಡಿದರೂ ಲಕ್ಷಕ್ಕೆ ಎರಡಾಯಿತು. ಅಷ್ಟಕ್ಕೆ ಊರು ಖಾಲಿ ಮಾಡಿಸಲು ಯಾವ ಜಿಲ್ಲಾಧಿಕಾರಿಯೂ ಸಹಿ ಹಾಕುವುದಿಲ್ಲ, ಹಾಕಲೂಬಾರದು. ಸನ್ನೆಗೋಲು ಯಾವಾಗ ಬೀಳುತ್ತದೆ ಎಂದು ನಮಗೆ ಗೊತ್ತು. ಯಾವ ತೇರು ಹೊರಡಲು ಸಿದ್ಧವಾಗಿದೆ ಎಂಬುದನ್ನು ಅಳೆಯುವ ಉಪಕರಣ ಇಲ್ಲ.

ನಿಮಗೆ ಮಾಡಲು ಎರಡು ಕೆಲಸಗಳಿವೆ. ಕಿಲ್ಲಾರಿಯಲ್ಲಿ 6.2 ಪ್ರಮಾಣದ ಭೂಕಂಪಕ್ಕೆ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತದ್ದು ಮಣ್ಣಿನಲ್ಲಿ ಕೂಡಿಸಿದ ಕಾಡುಗಲ್ಲಿನ ಗೋಡೆಗಳ ಮೇಲೆ ಹೊತ್ತಿದ್ದ ಭಾರದ ಮಣ್ಣಿನ ಮಾಳಿಗೆಗಳು ಕುಸಿದು. ನಿಮ್ಮದೂ ಅಂಥ ಮಾಳಿಗೆ ಮನೆಯಾಗಿದ್ದರೆ ವರ್ಷವರ್ಷ ಮೇಲೆ ಮಣ್ಣು ಸುರಿಯುವುದನ್ನು ನಿಲ್ಲಿಸಿ, ಇದ್ದದ್ದನ್ನು ತೆಳುಮಾಡಿಸಿ. ಗೋಡೆಯ ದಪ್ಪಕ್ಕೆ ಅಡ್ಡಲಾಗಿ ಎರಡು ಮೈಗಳನ್ನೂ ಹಿಡಿಯುವ ಉದ್ದ ಕಲ್ಲುಗಳಿವೆಯೇ ಎಂದು ಗೌಂಡಿಯಿಂದ ನೋಡಿಸಿ.

ಎರಡನೆಯದು ಒಂದು ನೋಟ್‌ಬುಕ್. ಸದ್ದು ಕೇಳಿದ ದಿನ, ಗಂಟೆ, ನಿಮಿಷ, ಎಷ್ಟು ಹೊತ್ತು ಇತ್ತು, ಪಾತ್ರೆ ಅಲುಗಿತೇ ಎಂದು ಬರೆದಿಡಿ. ಊರ ಶಾಲೆಯ ಮೇಷ್ಟ್ರು ಮಕ್ಕಳನ್ನು ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಏನೂ ಕೇಳಿಸದ ಹುಣ್ಣಿಮೆಗಳನ್ನೂ ಬರೆಯಿರಿ. ಅವನ್ನು ಯಾರೂ ಬರೆಯುವುದಿಲ್ಲ. ಜೊತೆಗೆ ಊರಿನ ಒಂದು ತೆರೆದ ಬಾವಿಯನ್ನು ಆರಿಸಿಕೊಂಡು, ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿ, ವಾರಕ್ಕೊಮ್ಮೆ ಅದೇ ದಿನ, ಪಂಪ್ ಹಾಕುವ ಮೊದಲು ನೀರಿನ ಮಟ್ಟ ಅಳೆಯಿರಿ. ಎರಡು ಮಳೆಗಾಲ ಕಳೆದ ಮೇಲೆ ಆ ಪುಸ್ತಕವನ್ನು ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಕಳುಹಿಸಿ. ನನಗೂ ಒಂದು ಪ್ರತಿ ಬೇಕು.